ನೀರುಗಂಟಿ ಸನೋಬರಳ ಪಾಳಿ

ತುತ್‌ದರಾದವರು ಸನೋಬರಳನ್ನು ನೀರುಗಂಟಿಯಾಗಿ ಆರಿಸಿದ್ದು ಅರ್ಧ ತಮಾಷೆಗೆ, ಇನ್ನರ್ಧ ಬೇರೆ ಗತಿಯಿಲ್ಲದೆ. ಆ ಬೆಟ್ಟದೂರಿನಲ್ಲಿ ಐವತ್ತೆರಡು ಮನೆ. ರಟ್ಟೆ ಗಟ್ಟಿಯಿದ್ದ ಗಂಡಸರೆಲ್ಲ ರಷ್ಯಾದಲ್ಲಿ ಕಟ್ಟಡ ಕಟ್ಟುತ್ತಿದ್ದರು, ಅವಳ ಗಂಡನೂ ಸೇರಿ. ಇಪ್ಪತ್ತೆರಡು ವರ್ಷ ಕಾಲುವೆ ನೋಡಿಕೊಂಡಿದ್ದ ಹಕೀಮ್‌ನಜರ್ ಬೋಬೋ ನವ್ರೂಜ್ ಹಬ್ಬದ ಮರುದಿನ ಹಿಪ್ಪುನೇರಳೆ ಮರದ ಕಟ್ಟೆಯ ಮೇಲೆ ಕೂತು, ಊದಿದ ಮಂಡಿಯನ್ನು ಎಲ್ಲರಿಗೂ ತೋರಿಸಿ, "ಇದು ಇನ್ಮೇಲೆ ಬೆಟ್ಟ ಹತ್ತಲ್ಲ. ಬೇರೆಯವರನ್ನ ನೋಡ್ಕೊಳ್ಳಿ," ಅಂದರು.

ಹಿಂದಿನ ಸಾಲಿನಿಂದ ತೋಷ್‌ಮತ್, "ಸನೋಬರ್ ಟೀಚರನ್ನ ಮಾಡಿ. ಅವರು ಸೀಟಿ ಊದಿದ್ರೆ ನೀರೂ ಸಾಲಾಗಿ ನಿಲ್ಲುತ್ತೆ," ಅಂದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸನೋಬರ್ ಇಪ್ಪತ್ತಾರು ವರ್ಷ ಊರಿನ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಅಲ್ಲಿ ಕೂತವರಲ್ಲಿ ಅರ್ಧ ಜನ ಅವಳ ಸೀಟಿಗೆ ಮೈದಾನ ಸುತ್ತಿ ಬೆವರಿದವರೇ. ಸುತ್ತದೆ ಗೋಡೆ ಹಾರಿ ತಪ್ಪಿಸಿಕೊಳ್ಳುತ್ತಿದ್ದವರಲ್ಲಿ ತೋಷ್‌ಮತ್ ಮೊದಲಿಗ. ಸನೋಬರ್ ಮಾತ್ರ ನಗಲಿಲ್ಲ. ತಲೆವಸ್ತ್ರ ಬಿಗಿ ಮಾಡಿಕೊಂಡು ಎದ್ದು ನಿಂತಳು.

"ಮಾಡ್ತೀನಿ. ಆದ್ರೆ ನಾನು ಬೋಬೋ ಥರ ಅಲ್ಲ. ಈಗ್ಲೇ ಹೇಳಿಬಿಟ್ಟಿದೀನಿ, ಆಮೇಲೆ ಅಳಬೇಡಿ."

ಬೋಬೋ ಅಂದರೆ ಅಜ್ಜ; ಆ ಅಜ್ಜನ ಮೇಲೆ ಊರಿಗೆಲ್ಲ ಅಕ್ಕರೆ. ಆ ಮನುಷ್ಯನಿಗೆ ಇಲ್ಲ ಅನ್ನುವ ಮಾತೇ ಬಾಯಿಗೆ ಬರುತ್ತಿರಲಿಲ್ಲ. ಮೇಲ್ಕೇರಿಯವರು ಬಂದು, "ಇನ್ನರ್ಧ ಗಂಟೆ ಬಿಡಿ ಬೋಬೋ, ನೆಂಟರು ಬಂದಿದ್ರು, ತೂಬು ತೆಗೆಯೋದು ತಡ ಆಯ್ತು," ಅಂದರೆ, "ಬಿಟ್ಕೊಳ್ಳಪ್ಪ," ಅನ್ನುವರು. ಇನ್ನೊಬ್ಬರು ಬಂದು ಕರುವಿಗೆ ಹುಷಾರಿಲ್ಲ ಅಂದರೆ, ಅವರಿಗೂ ಅರ್ಧ ಗಂಟೆ. ಹೀಗೆ ಅರ್ಧ ಅರ್ಧ ಗಂಟೆಯಾಗಿ ನೀರೆಲ್ಲ ಮೇಲೇ ಇಂಗಿ, ಕೆಳಕೇರಿಯ ಕಾಲುವೆಯಲ್ಲಿ ಆರು ವರ್ಷದಿಂದ ಧೂಳು ಹಾರುತ್ತಿತ್ತು. ಕೆಳಕೇರಿಯವರು ದೂರಲು ಹೋದರೆ ಬೋಬೋ ಅವರ ಜೊತೆ ಕೂತು ತಾವೂ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಗಿರುವಾಗ ಯಾರು ತಾನೆ ಬೈದಾರು?

ಸನೋಬರ್ ಒಂದು ವಾರದಲ್ಲಿ ಕಟ್ಟಳೆ ಹೊರಡಿಸಿದಳು. ವಾರಕ್ಕೊಂದು ಸುತ್ತು, ಮನೆಗೆ ಮೂರು ಗಂಟೆ ನೀರು. ಪಾಳಿ ಮುಗಿದ ಗಳಿಗೆಗೆ ತೂಬು ಮುಚ್ಚಬೇಕು, ನೆಂಟರು ಬಂದಿರಲಿ ಕರು ಸಾಯುತ್ತಿರಲಿ. ತನ್ನ ಪಾಳಿಯನ್ನು ಯಾರು ಯಾರಿಗೆ ಬೇಕಾದರೂ ಬಿಟ್ಟುಕೊಡಬಹುದು, ಕಸಿದುಕೊಳ್ಳುವ ಹಾಗಿಲ್ಲ. ಏಪ್ರಿಲ್‌ನಲ್ಲಿ ಮೂರು ದಿನ ಹಷರ್: ಇಡೀ ಊರು ಕೂಡಿ ಹೂಳೆತ್ತಬೇಕು, ಮನೆಗೊಬ್ಬರು ಬರಲೇಬೇಕು. ಬಾರದ ಮನೆಗೆ, ಆ ಮೂರು ದಿನದ ಕೆಲಸವನ್ನು ಕಾಲುವೆಯ ತಲೆಯಲ್ಲಿ ನಿಂತು ತೀರಿಸುವ ತನಕ ನೀರಿಲ್ಲ.

"ಇದೇನೇ, ಮಿಲಿಟರಿನಾ?" ಅಂದರು ಅತ್ತೆ ಹಂಗೋಮಾ ಬೀಬಿ. ಎಂಬತ್ತೊಂದು ವರ್ಷ. ನೆಟ್ಟಗೆ ನಿಲ್ಲಲು ಕೋಲು ಬೇಕು, ನಾಲಗೆಗೆ ಏನೂ ಬೇಡ.

"ಕೆಳಕೇರಿಗೆ ನೀರು ಹೋಗ್ಲಿ ಅತ್ತೆ, ಆಮೇಲೆ ನೀವು ಏನಂತ ಕರೆದ್ರೂ ಸರಿ."

ಹಷರ್ ನಡೆದ ಆ ಮೂರು ದಿನ ಊರಿಗೆ ಊರೇ ಬೆಟ್ಟದ ಮೇಲಿತ್ತು. ಕಾಲುವೆ ಹಿಮದ ತೊರೆಯಿಂದ ಹೊರಟು, ಬಂಡೆಯ ಪಕ್ಕೆಗೆ ಅಂಟಿಕೊಂಡು ನಾಲ್ಕು ಕಿಲೋಮೀಟರ್ ಬರುತ್ತದೆ. ಉದ್ದಕ್ಕೂ ಹೆಂಗಸರು ಸಲ್ವಾರ್ ಮಡಚಿಕೊಂಡು, ಗಂಡಂದಿರ ರಬ್ಬರ್ ಬೂಟು ಹಾಕಿಕೊಂಡು ಕೆಸರಿನಲ್ಲಿ ನಿಂತಿದ್ದರು. ಮೇಲ್ಕೇರಿಯ ಇಬ್ಬರು ದೋಯ್ರಾ ತಮ್ಮಟೆ ಬಡಿಯುತ್ತಿದ್ದರು. ಸಲಿಕೆಗಳು ಅದರ ತಾಳಕ್ಕೇ ಏಳುತ್ತ ಬೀಳುತ್ತ ಇದ್ದವು. ಕೆಳಗೆ ದೊಡ್ಡ ಕಡಾಯಿಯಲ್ಲಿ ಕುರಿಯ ಶೂರ್ಬೋ ಸಾರು ಕುದಿಯುತ್ತಿತ್ತು. ಅದರ ವಾಸನೆ ಗಾಳಿಗೆ ಮೇಲೆ ಬಂದಾಗಲೆಲ್ಲ ಯಾರಾದರೂ, "ಟೀಚರ್, ಇಂಟರ್ವಲ್," ಅನ್ನುವರು.

ಎರಡನೇ ದಿನ ಆರು ಜನ ಹೆಂಗಸರು ತಮ್ಮ ಪಾಲಿನ ಇಪ್ಪತ್ತು ಮಾರು ತೋಡಿ, ಕೈ ತೊಳೆದುಕೊಂಡು ಚಹಾಕ್ಕೆ ಕೂತಿದ್ದರು. ಸನೋಬರ್ ಕಾಲುವೆಗೆ ಇಳಿದು, ಸಲಿಕೆಯ ಹಿಡಿ ನಿಲ್ಲಿಸಿ ಅಳೆದಳು.

"ನಾಲ್ಕು ಬೆರಳು ಕಡಿಮೆ."

"ನಾಲ್ಕು ಬೆರಳಿಗೆ ಏನಾಗುತ್ತೆ ಖೋಲಾ, ನೀರೇನು ಬೆರಳು ಎಣಿಸುತ್ತಾ?" ಅಂದಳು ಒಬ್ಬಳು. ಊರಿನ ಕಿರಿಯರಿಗೆ ಸನೋಬರ್ ಖೋಲಾ, ಅಂದರೆ ಚಿಕ್ಕಮ್ಮ.

"ಇಲ್ಲಿ ನಾಲ್ಕು ಬೆರಳು ನಿಂತ್ರೆ ಕೆಳಕೇರಿಗೆ ಒಂದು ಗೇಣು ಇಳಿಯುತ್ತೆ. ಏಳಿ."

ಬೈದುಕೊಂಡೇ ಎದ್ದರು. ಸನೋಬರ್ ತಾನೂ ಸಲಿಕೆ ತಗೊಂಡು ಅವರ ನಡುವೆ ನಿಂತಳು, ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಉಸಿರು ಬಿಟ್ಟಾಗಲೆಲ್ಲ ಅದು ಸಣ್ಣಗೆ ಪೀ ಪೀ ಅನ್ನುತ್ತಿತ್ತು. ಹೆಂಗಸರಿಗೆ ನಗು ತಡೆಯಲಾಗದೆ ಕೆಲಸ ಇನ್ನೂ ತಡವಾಯಿತು.

ಮೂರನೇ ದಿನದ ಕೊನೆಗೆ ಹಾಜರಿ ಕರೆದಳು. ಎರಡು ಮನೆ ಬಂದಿರಲಿಲ್ಲ. ಒಂದು ತೋಷ್‌ಮತ್‌ನದು. ಅವನು ರಷ್ಯಾದಿಂದ ವಾಪಸ್ಸು ಬಂದು, ಟ್ರ್ಯಾಕ್ಟರ್ ಕೊಂಡು, ಮೇಲ್ಕೇರಿಯಲ್ಲಿ ಸಾವಿರ ಜರ್ದಾಳು ಸಸಿಯ ತೋಟ ಮಾಡಿಕೊಂಡಿದ್ದ. ಹಷರ್‌ಗೆ ತಾನು ಬಾರದೆ ಒಂದು ಕುರಿ ಕಳಿಸಿದ್ದ. ಕಡಾಯಿಯಲ್ಲಿ ಕುದಿಯುತ್ತಿದ್ದುದು ಅದೇ ಅಂತ ಗೊತ್ತಾಗುವಾಗ ಸನೋಬರ್ ಎರಡನೇ ಬಟ್ಟಲು ಕುಡಿಯುತ್ತಿದ್ದಳು.

"ಕುರಿ ಚೆನ್ನಾಗಿತ್ತು," ಅಂತ ಸಂಜೆ ದಾರಿಯಲ್ಲಿ ಸಿಕ್ಕ ಅವನಿಗೆ ಹೇಳಿದಳು. "ಆದ್ರೆ ಹೂಳೆತ್ತಲಿಲ್ಲ. ಮೂರು ದಿನ ಬಂದು ತೀರಿಸು, ಆಮೇಲೆ ನೀರು."

"ಟೀಚರ್, ನನ್ನ ಬೆನ್ನು..."

"ಮೊನ್ನೆ ಮದುವೇಲಿ ಆ ಬೆನ್ನು ಕುಣೀತಿತ್ತಲ್ಲಪ್ಪ."

ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ. ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿ ಹೊಳೆಯಿಂದ ನೀರು ಹೊರತೊಡಗಿದ, ಸಲಿಕೆ ಮಾತ್ರ ಮುಟ್ಟಲಿಲ್ಲ.

ಬಾರದ ಇನ್ನೊಂದು ಮನೆ ಕೆಳಕೇರಿಯ ಕೊನೆಯದು, ಜೈನಬ್ ಬೀಬಿಯದು. ಸನೋಬರ್ ಆ ಹೆಸರನ್ನು ಎರಡು ಸಲ ಕರೆದಳು. ಉತ್ತರ ಬರಲಿಲ್ಲ. ಗೀಟು ಹಾಕಿ ಮುಂದಿನ ಹೆಸರಿಗೆ ಹೋದಳು. ಯಾಕೆ ಬರಲಿಲ್ಲ ಅಂತ ಯಾರನ್ನೂ ಕೇಳಲಿಲ್ಲ.

ಮೇ ತಿಂಗಳ ಎರಡನೇ ವಾರ ಮೊದಲ ಸುತ್ತಿನ ನೀರು ಕೆಳಕೇರಿ ಮುಟ್ಟಿತು. ಬೆಳಗ್ಗೆ ಹತ್ತು ಗಂಟೆಯ ಹೊತ್ತು. ಕಾಲುವೆಯ ಒಣ ತಳದಲ್ಲಿ ಮೊದಲು ಒಂದಿಷ್ಟು ಕಸಕಡ್ಡಿ, ನೊರೆ ತೆವಳಿಕೊಂಡು ಬಂತು. ಅದರ ಹಿಂದೆ ಮೊಣಕೈ ಆಳದ ಕಂದು ನೀರು. ಮುದುಕಿಯೊಬ್ಬಳು ಚಪ್ಪಲಿ ಬಿಟ್ಟು ಅದರೊಳಗೆ ಇಳಿದು ನಿಂತುಕೊಂಡಳು. ಮಕ್ಕಳು ನೀರಿನ ಮೂತಿಯ ಮುಂದೆ ಹಿಂದುಹಿಂದಕ್ಕೆ ಓಡಿದರು. ಯಾರೋ ತಂದೂರಿನಿಂದ ಬಿಸಿ ರೊಟ್ಟಿ ತಂದು ಸನೋಬರಳ ಕೈಗಿಟ್ಟರು. ರೊಟ್ಟಿ ಅರ್ಧ ತಿನ್ನುವಷ್ಟರಲ್ಲಿ ಹೆಂಗಸರು ಅವಳನ್ನೂ ಕುಣಿತಕ್ಕೆ ಎಳೆದುಕೊಂಡರು. ಟೀಚರ್ ಕುಣಿದದ್ದನ್ನು ಊರು ಅದೇ ಮೊದಲು ನೋಡಿದ್ದು. ಡ್ರಿಲ್ ಮಾಡಿಸುವ ಹಾಗೇ ಇತ್ತು, ಆದರೂ ಕುಣಿತವೇ.

ಆ ಖುಷಿಯಲ್ಲೇ ಅವಳು ಕೊನೆಯ ತೂಬು ನೋಡಿಬರಲು ಕಾಲುವೆ ಗುಂಟ ನಡೆದಳು. ಕೊನೆಯ ಮನೆಯ ಹಿತ್ತಲಲ್ಲಿ ಒಬ್ಬ ಹುಡುಗಿ ಬಾವಿಯಿಂದ ಬಕೆಟ್ಟು ಹೊತ್ತು ತಂದು, ಒಂದೊಂದೇ ಈರುಳ್ಳಿಯ ಬುಡಕ್ಕೆ ಚೊಂಬಿನಲ್ಲಿ ಹೊಯ್ಯುತ್ತಿದ್ದಳು. ಜೈನಬ್ ಬೀಬಿಯ ಸೊಸೆ ಮವ್ಜೂದಾ. ಇಪ್ಪತ್ತಮೂರರ ಒಳಗೇ ಇರಬೇಕು. ಮಣ್ಣು ಬಿರಿದಿತ್ತು, ಈರುಳ್ಳಿಯ ತುದಿ ಒಣಗಿ ಬಾಗಿತ್ತು. ಹತ್ತು ಹೆಜ್ಜೆ ದೂರದಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು, ಅವಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಹಷರ್‌ಗೆ ಯಾಕಮ್ಮ ಬರ್ಲಿಲ್ಲ?" ಅಂತ ಸನೋಬರ್ ಬೇಲಿಯಾಚೆಯಿಂದ ಕೇಳಿದಳು.

ಹುಡುಗಿ ಉತ್ತರ ಹೇಳುವ ಮೊದಲೇ ಒಳಗಿನಿಂದ ಒಂದು ಕೂಗು ಬಂತು. ಬಕೆಟ್ಟು ಬಿಟ್ಟು ಓಡಿದಳು. ಸನೋಬರ್ ಹಿಂದೆಯೇ ಹೋದಳು. ಜೈನಬ್ ಬೀಬಿ ಹಾಸಿಗೆಯಲ್ಲಿದ್ದರು. ಚಳಿಗಾಲದಲ್ಲಿ ಒಂದು ಮಗ್ಗುಲು ಬಿದ್ದುಹೋಗಿತ್ತು. ಮವ್ಜೂದಾ ಅವರನ್ನು ಎತ್ತಿ ಕೂರಿಸಿ, ಬಾಯಿ ಒರೆಸಿ, ದಿಂಬು ತಿರುವಿ ಹಾಕಿದಳು. ಆಮೇಲೆ ಬಾಗಿಲಿಗೆ ಬಂದು, "ಒಂದೊಂದೂವರೆ ಗಂಟೆಗೆ ಒಂದ್ಸಲ ಎತ್ತಬೇಕು ಖೋಲಾ. ನನ್ನವರು ಊರಲ್ಲಿಲ್ಲ. ನಾಲ್ಕು ಕಿಲೋಮೀಟರ್ ಮೇಲೆ ಹೆಂಗೆ ಬರ್ಲಿ?" ಅಂದಳು. ಗೋಗರೆತ ಏನಿರಲಿಲ್ಲ ಅದರಲ್ಲಿ. ಕೇಳಿದ್ದಕ್ಕೆ ಹೇಳಿದ ಹಾಗಿತ್ತು.

ಸನೋಬರ್ ಯೋಚಿಸುತ್ತಲೇ ಮನೆಗೆ ಬಂದಳು. ಈ ಹುಡುಗಿಗೆ ನೀರು ಬಿಟ್ಟರೆ ನಾಳೆ ತೋಷ್‌ಮತ್ ಬಂದು ನಿಲ್ಲುತ್ತಾನೆ. ಅವನ ಹಿಂದೆ ನೆಂಟರು, ಅವರ ಹಿಂದೆ ಕರು. ಒಂದು ತಿಂಗಳಲ್ಲಿ ಕೆಳಕೇರಿಯಲ್ಲಿ ಮತ್ತೆ ಧೂಳು. ಬಿಡದಿದ್ದರೆ ಆ ಈರುಳ್ಳಿ ಹೋಗುತ್ತದೆ, ಚಳಿಗಾಲಕ್ಕೆ ಆ ಮನೆಯಲ್ಲಿ ಇರುವುದು ಅದೊಂದೇ. ಅವಳಿಗೆ ತನ್ನ ಕಟ್ಟಳೆಯಲ್ಲೇ ಒಂದು ದಾರಿ ಕಂಡಿತು: ತನ್ನ ಪಾಳಿಯನ್ನು ಯಾರು ಯಾರಿಗೆ ಬೇಕಾದರೂ ಬಿಟ್ಟುಕೊಡಬಹುದು.

ಅವಳ ಪಾಳಿ ಸುತ್ತಿನ ನಾಲ್ಕನೇ ದಿನ, ಮಂಗಳವಾರ, ಮಟಮಟ ಮಧ್ಯಾಹ್ನ. ಊರು ಊಟ ಮಾಡಿ ಅಡ್ಡಾಗುವ ಹೊತ್ತು. ಸನೋಬರ್ ತನ್ನ ತೂಬು ತೆಗೆಯದೆ, ನೀರನ್ನು ಹಾಗೇ ಕೆಳಕ್ಕೆ ಬಿಟ್ಟು, ಕೊನೆಯ ಮನೆಯ ತೂಬು ತಾನೇ ಎತ್ತಿದಳು.

"ಇದೇನು ಖೋಲಾ?" ಮವ್ಜೂದಾ ಕೇಳಿದಳು.

"ಬಸಿ ನೀರಮ್ಮ. ಎಲ್ಲರದು ಆದ್ಮೇಲೆ ಉಳಿದಿದ್ದು. ಹಳ್ಳಕ್ಕೆ ಹೋಗಿ ಹಾಳಾಗೋದು, ನೀನು ತಗೋ."

ಮವ್ಜೂದಾ ಅವಳ ಮುಖ ನೋಡಿದಳು, ಈರುಳ್ಳಿ ನೋಡಿದಳು. ಸಲಿಕೆ ತಗೊಂಡು ಮಡಿಗೆ ದಾರಿ ಮಾಡಿದಳು.

ಹೀಗೆ ಮೂರು ಸುತ್ತು ನಡೆಯಿತು. ಈರುಳ್ಳಿ ಎದ್ದು ನಿಂತಿತು. ಸನೋಬರಳ ಮನೆಯ ಹಿಂದಿನ ಆಲೂಗಡ್ಡೆ ಹಳದಿಗೆ ತಿರುಗಿತು. ಹಂಗೋಮಾ ಬೀಬಿ ಕೋಲೂರಿಕೊಂಡು ಹಿತ್ತಲಿಗೆ ಹೋಗಿ ಬಂದು, "ಆಲೂಗಡ್ಡೆಗೆ ಏನು ಕಾಯಿಲೆನೇ?" ಅಂದರು.

"ಹುಳ ಅತ್ತೆ."

"ಹುಳಾನ? ಹುಂ," ಅಂದರು ಅತ್ತೆ. ಮುಂದಿನ ಮಂಗಳವಾರ ಮಧ್ಯಾಹ್ನ ಅವರು ಮಲಗಲಿಲ್ಲ. ಕಿಟಕಿಯ ಹತ್ತಿರ ಕೂತಿದ್ದರು.

ಜೂನ್ ಎರಡನೇ ಶುಕ್ರವಾರ ನಮಾಜು ಮುಗಿಸಿ ಊರು ಮತ್ತೆ ಹಿಪ್ಪುನೇರಳೆ ಮರದ ಕೆಳಗೆ ಸೇರಿತು. ಹಣ್ಣು ಮಾಗಿ ತೊಟತೊಟ ಉದುರುತ್ತಿದ್ದವು. ಕೆಳಗೆ ಹಾಸಿದ ಬಿಳಿ ಬಟ್ಟೆಯಿಂದ ಎಲ್ಲರೂ ಹೆಕ್ಕಿ ತಿನ್ನುತ್ತ, ತುಟಿ ನೀಲಿ ಮಾಡಿಕೊಂಡು ಕೂತಿದ್ದರು. ಮಾತು ಮುಗಿಯುತ್ತ ಬಂದಾಗ ತೋಷ್‌ಮತ್ ಎದ್ದ.

"ಕೆಳಕೇರಿ ಕೊನೇ ಮನೆ ಈರುಳ್ಳಿ ಯಾರಾದ್ರೂ ನೋಡಿದೀರಾ? ನಾನು ನೋಡ್ದೆ. ಹಸಿರು ಹಚ್ಚಗಿದೆ. ಹಷರ್‌ಗೆ ಆ ಮನೆಯಿಂದ್ಲೂ ಬರ್ಲಿಲ್ಲ, ನನ್ನ ಮನೆಯಿಂದ್ಲೂ ಬರ್ಲಿಲ್ಲ. ನಂಗೆ ಒಂದು ಬಟ್ಟಲು ನೀರಿಲ್ಲ. ಅವರಿಗೆ ಎಲ್ಲಿಂದ ಬಂತು? ಟೀಚರ್ ಹೇಳ್ಲಿ."

ಹಣ್ಣು ಹೆಕ್ಕುತ್ತಿದ್ದ ಕೈಗಳು ನಿಂತವು. ಅದು ನನ್ನ ಪಾಳಿ ಅಂದರೆ ಮುಗಿದುಹೋಗುವ ಮಾತು. ಆದರೆ ಗೋಡೆಯ ಪಕ್ಕದಲ್ಲಿ, ಕಂಕುಳಲ್ಲಿ ಖಾಲಿ ಬುಟ್ಟಿ ಹಿಡಿದು, ಅತ್ತೆಗೆ ಹಣ್ಣು ಒಯ್ಯಲು ಬಂದಿದ್ದ ಮವ್ಜೂದಾ ನಿಂತಿದ್ದಳು. ಅವಳ ಎದುರಿಗೆ ಅದನ್ನು ಹೇಳಲು ಸನೋಬರಳಿಗೆ ನಾಲಗೆ ಏಳಲಿಲ್ಲ.

"ನೋಡಿದ್ರಾ?" ತೋಷ್‌ಮತ್ ಕೈ ಚಾಚಿದ. "ಬೋಬೋ ಎಲ್ಲರಿಗೂ ಕೊಡೋರು. ಇವರು ಬೇಕಾದವರಿಗೆ ಕೊಡ್ತಾರೆ. ಅಷ್ಟೇ ವ್ಯತ್ಯಾಸ."

"ಕೂತ್ಕೊಳೋ ಟ್ಯಾಂಕರ್," ಅಂದರು ಹಂಗೋಮಾ ಬೀಬಿ. ಕಟ್ಟೆಯ ತುದಿಯಲ್ಲಿ, ಮಡಿಲ ತುಂಬ ಹಣ್ಣು ಇಟ್ಟುಕೊಂಡು ಕೂತಿದ್ದರು. "ಅವಳು ಹೇಳಲ್ಲ, ನಾನು ಹೇಳ್ತೀನಿ. ಅದು ನನ್ನ ಆಲೂಗಡ್ಡೆ ನೀರು. ನಾಲ್ಕು ಮಂಗಳವಾರದಿಂದ ಇವಳು ನಮ್ಮ ಪಾಳಿ ಆ ಮನೆಗೆ ಬಿಡ್ತಿದಾಳೆ. ನಂಗೆ ಹುಳ ಅಂದ್ಳು. ಎಂಬತ್ತು ವರ್ಷ ಆಲೂಗಡ್ಡೆ ತಿಂದೋಳಿಗೆ ಹುಳ ಅಂತಾಳೆ. ಬಂದು ನೋಡ್ಹೋಗು, ನಮ್ಮ ಹಿತ್ತಲು ನಿನ್ನ ತಲೆ ಥರ ಆಗಿದೆ."

ತೋಷ್‌ಮತ್ ತನ್ನ ಬೋಳು ತಲೆಯ ಟೋಪಿ ಸರಿ ಮಾಡಿಕೊಂಡ. ಒಂದಿಬ್ಬರು ಕಿಸಕ್ಕನೆ ನಕ್ಕರು. ಆದರೆ ನಗು ಹಬ್ಬಲಿಲ್ಲ, ಯಾಕೆಂದರೆ ಮವ್ಜೂದಾ ಮುಂದೆ ಬಂದಿದ್ದಳು. ಕೆನ್ನೆ ಉರಿಯುತ್ತಿತ್ತು.

"ನೀವು ಬಸಿ ನೀರು ಅಂದ್ರಿ ಖೋಲಾ."

"ಅಂದೆ."

"ಬಸಿ ನೀರು ಮಂಗಳವಾರ ಬರಲ್ಲ, ಸುತ್ತು ಮುಗಿದ್ಮೇಲೆ ಬರುತ್ತೆ. ಅದು ನಂಗೂ ಗೊತ್ತಿತ್ತು. ಈರುಳ್ಳಿ ಮುಖ ನೋಡಿ ನಂಬಿದ ಹಾಗೆ ಮಾಡ್ದೆ." ಅವಳು ಬುಟ್ಟಿ ಕೆಳಗಿಟ್ಟಳು. "ನಂಗೆ ನಿಮ್ಮ ಆಲೂಗಡ್ಡೆ ನೀರು ಬೇಡ. ನಂಗೆ ಕೆಲಸ ಕೊಡಿ. ಮೂರು ದಿನ ಒಟ್ಟಿಗೆ ಬರೋಕೆ ಆಗಲ್ಲ, ದಿನಕ್ಕೆ ಒಂದು ಗಂಟೆ ಆಗುತ್ತೆ. ನಮ್ಮನೆ ಹತ್ರದ ಕಾಲುವೆ ಮಣ್ಣು ನಾನೇ ಎತ್ತುತೀನಿ. ಇದನ್ನ ನೀವು ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಸನೋಬರಳಿಗೆ ತಾನು ಹೆಸರು ಎರಡು ಸಲ ಕರೆದು ಗೀಟು ಹಾಕಿದ್ದು ಕಣ್ಣ ಮುಂದೆ ಬಂತು. ಎದ್ದು ನಿಂತಳು. ಶಾಲೆಯಲ್ಲಿ ಇಪ್ಪತ್ತಾರು ವರ್ಷ ಅವಳು ಮಕ್ಕಳ ಎದುರು ತಪ್ಪೊಪ್ಪಿಕೊಂಡದ್ದಿಲ್ಲ. ಇವರಲ್ಲಿ ಅರ್ಧ ಜನ ಅದೇ ಮಕ್ಕಳು.

"ತಪ್ಪು ನಂದು," ಅಂದಳು. "ಕಟ್ಟಳೆ ಮಾಡುವಾಗ ಆರೋಗ್ಯವಾಗಿರೋರ ಮೈ ಅಳತೆ ತಗೊಂಡೆ. ಆ ಮನೆ ಯಾಕೆ ಬರ್ಲಿಲ್ಲ ಅಂತ ಕೇಳ್ಲಿಲ್ಲ. ಗೊತ್ತಾದ್ಮೇಲೆ ನಿಮ್ಮನ್ನ ಕೇಳಬೇಕಿತ್ತು, ಅದನ್ನೂ ಕೇಳ್ದೆ ನಾನೇ ಬಚ್ಚಿಟ್ಟು ಸರಿ ಮಾಡೋಕೆ ಹೋದೆ. ಈಗ ಕೇಳ್ತಿದೀನಿ. ಏನು ಮಾಡೋಣ ಹೇಳಿ. ಆದ್ರೆ ಒಂದು, ನೀರು ಮಾತ್ರ ಪುಕ್ಕಟೆ ಇಲ್ಲ. ಅದು ಬದಲಾಗಲ್ಲ."

ಬೋಬೋ ಕಟ್ಟೆಯ ಮೇಲೆ ಮುಂದಕ್ಕೆ ಸರಿದರು.

"ನಾನು ಊರ ನೀರಲ್ಲಿ ದೊಡ್ಡ ಮನಸ್ಸು ತೋರಿಸ್ದೆ, ಇವಳು ತನ್ನ ನೀರಲ್ಲಿ ತೋರಿಸಿದ್ಳು," ಅಂದರು. "ಇವಳ ದಾರೀನೇ ಮೇಲು. ಆದ್ರೆ ಟೀಚರಮ್ಮ, ಆಲೂಗಡ್ಡೆ ಒಣಗೋ ತನಕ ನಮಗೆ ಒಂದು ಮಾತು ಹೇಳ್ಲಿಲ್ಲ ನೀನು. ನಾವೇನು ಅಷ್ಟು ಕೆಟ್ಟ ಜನಾನ?"

ಆ ಮಾತಿಗೆ ಹೆಂಗಸರ ಕಡೆಯಿಂದ ಒಮ್ಮೆಲೇ ಗಲಾಟೆ ಎದ್ದಿತು. ಹಷರ್‌ನಲ್ಲಿ ನಾಲ್ಕು ಬೆರಳು ಕಡಿಮೆ ತೋಡಿದ್ದ ಆರು ಜನವೇ ಎಲ್ಲರಿಗಿಂತ ಜೋರು. ಜೈನಬ್ ಬೀಬಿಯನ್ನು ಎತ್ತಿ ಕೂರಿಸೋಕೆ ನಮಗೇನು ಕೈಯಿಲ್ವಾ, ಸರದಿ ಹಾಕಿಕೊಂಡು ಬರ್ತೀವಿ, ಅಂದರು. ಹಾಸಿಗೆ ಹಿಡಿದವರಿರುವ ಮನೆ, ಬಸುರಿ ಬಾಣಂತಿ ಇರುವ ಮನೆ ಗಂಟೆ ಲೆಕ್ಕದಲ್ಲಿ ಹತ್ತಿರದ ಕಾಲುವೆಯಲ್ಲೇ ಕೆಲಸ ತೀರಿಸಲಿ ಅಂದರು ಇನ್ನೊಬ್ಬರು. ಯಾವ ಮನೆಗೆ ಈ ಸಲೀಸು ಅಂತ ತೀರ್ಮಾನ ಮಾಡುವುದು ನೀರುಗಂಟಿ ಒಬ್ಬಳೇ ಅಲ್ಲ, ಎರಡೂ ಕೇರಿಯ ಮೂವರು ಹೆಂಗಸರು ಅಂತಾಯಿತು. ಒಂದು ಗಂಟೆ ಕೂಗಾಡಿದ ಮೇಲೆ, ಮೂರು ದಿನಕ್ಕೆ ಸರಿಯಾಗಿ ಇಪ್ಪತ್ತನಾಲ್ಕು ಗಂಟೆಯ ಕೆಲಸ, ಶುರು ಮಾಡಿದ ದಿನದಿಂದಲೇ ನೀರು ಅಂತ ನಿಗದಿಯಾಯಿತು.

"ಹಂಗಾದ್ರೆ ನಾನೂ ಗಂಟೆ ಲೆಕ್ಕದಲ್ಲಿ ಮಾಡ್ತೀನಿ," ಅಂದ ತೋಷ್‌ಮತ್.

"ನಿಮ್ಮನೇಲಿ ಯಾರು ಹಾಸಿಗೆ ಹಿಡಿದಿದಾರೆ?" ಸನೋಬರ್ ಕೇಳಿದಳು.

"ಯಾರೂ ಇಲ್ಲ."

"ಬಾಣಂತಿ?"

ಎಲ್ಲರೂ ಅವನ ಹೊಟ್ಟೆ ನೋಡಿ ನಕ್ಕರು. ಅವನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ತೋಷ್‌ಮತ್‌ಗೂ ಕೊನೆಗೆ ತಡೆಯಲಾಗಲಿಲ್ಲ.

"ಬರ್ತೀನಿ ಬಿಡಿ ಟೀಚರ್. ಟ್ಯಾಂಕರ್ ಹೊತ್ತು ಹೊತ್ತು ಸಾಕಾಗಿದೆ. ಎಲ್ಲಿ ಕೆಲಸ ಹೇಳಿ."

"ಬಂಡೆ ಸುರಂಗದಲ್ಲಿ."

ಸುರಂಗ ಅಂದರೆ ಕಾಲುವೆಯ ತಲೆಯಲ್ಲಿ ಬಂಡೆ ಕೊರೆದ ಮೂವತ್ತು ಹೆಜ್ಜೆ ಉದ್ದದ ಕಿಂಡಿ. ಬಗ್ಗಿಯೇ ಹೋಗಬೇಕು, ನೀರು ಹಿಮದಂತೆ ಕೊರೆಯುತ್ತದೆ. ಹಷರ್‌ನಲ್ಲಿ ಅದರ ಬಾಯಿ ಮಾತ್ರ ಚೊಕ್ಕವಾಗಿತ್ತು. ಅದನ್ನು ತೋಡಲೆಂದು ಊರು ಮೂರು ದಿನ ಪಾಳಿ ಮುಂದೂಡಿ ಕಾಲುವೆಯ ತಲೆಯ ತೂಬು ಮುಚ್ಚಿತು. ತೋಷ್‌ಮತ್ ಸೋಮವಾರ ಹೋದ. ಮೊದಲ ದಿನ ಸಂಜೆ ಸನೋಬರ್ ಟಾರ್ಚು ಹಿಡಿದು ಒಳಗೆ ತೂರಿ ಬಂದು, ಎಡಗಡೆ ಮೊಣಕಾಲುದ್ದ ಹೂಳು ಹಾಗೇ ಇದೆ ಅಂದಳು. ಅವನು ಆಕಾಶ ನೋಡಿದ, ಅವಳ ಸೀಟಿ ನೋಡಿದ, ಮತ್ತೆ ಬಗ್ಗಿದ. ಎರಡನೇ ದಿನ ಅವಳು ಥರ್ಮಾಸಿನಲ್ಲಿ ಹಸಿರು ಚಹಾ, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಅವನ ಸೊಂಟಕ್ಕೆ ಕಟ್ಟಿಕೊಳ್ಳಲು ಅತ್ತೆಯ ಉಣ್ಣೆಯ ಶಾಲು ತಂದಳು. ಮೂರನೇ ದಿನ, ಕೊನೆಯ ಹತ್ತು ಹೆಜ್ಜೆ ಉಳಿದಾಗ, ತಾನೂ ಬೂಟು ಹಾಕಿಕೊಂಡು ಒಳಗಿಳಿದಳು. ಅವನು ತೋಡಿದ್ದನ್ನು ಅವಳು ಹಿಂದಕ್ಕೆ ತಳ್ಳಿದಳು.

"ಒಂದು ಕೇಳ್ಲಾ ಟೀಚರ್?" ಕತ್ತಲಲ್ಲಿ ಅವನ ದನಿ ಬಂತು. "ನಾನು ಗೋಡೆ ಹಾರಿ ಹೋಗ್ತಿದ್ದಿದ್ದು ನಿಮಗೆ ಗೊತ್ತಿತ್ತಾ?"

"ಗೋಡೆ ಆಚೆ ನಿಮ್ಮಪ್ಪ ಕಾಯ್ತಿದ್ರು, ಕತ್ತೆ ಮೇಯ್ಸೋಕೆ ಕರ್ಕೊಂಡು ಹೋಗೋಕೆ. ಗೊತ್ತಿತ್ತು. ಅದಕ್ಕೇ ಸೀಟಿ ಊದ್ಲಿಲ್ಲ."

ಸಲಿಕೆಯ ಸದ್ದು ಮೊದಲಿಗಿಂತ ಬಿರುಸಾಗಿ ಕೇಳತೊಡಗಿತು.

ಸಂಜೆ ಅವರಿಬ್ಬರೂ ಕೆಸರು ಬೊಂಬೆಗಳಾಗಿ ಹೊರಗೆ ಬಂದು ಕಾಲುವೆಯ ತಲೆಯ ತೂಬು ಎತ್ತಿದರು. ನೀರು ಒಮ್ಮೆ ಗುಡುಗಿ ಸುರಂಗಕ್ಕೆ ನುಗ್ಗಿ ಆ ಕಡೆ ಬಂದಾಗ, ಕಾಲುವೆಯ ಅಂಚಿನ ಹುಲ್ಲು ಮುಳುಗಿತು. ಅಷ್ಟು ನೀರನ್ನು ತೋಷ್‌ಮತ್ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವನು ಟೋಪಿ ತೆಗೆದು ನೀರಿನಲ್ಲಿ ಅದ್ದಿ ತಲೆಗೆ ಹಾಕಿಕೊಂಡು, ಅಲ್ಲೇ ಬಂಡೆಯ ಮೇಲೆ ಮದುವೆ ಮನೆಯ ಕುಣಿತ ಕುಣಿದ. ಅವನ ಪಾಳಿ ಮರುದಿನ ಬೆಳಗ್ಗೆ ಏಳಕ್ಕೆ. ಏಳಕ್ಕೆ ಸರಿಯಾಗಿ ಸನೋಬರ್ ಅವನ ತೂಬಿನ ಹತ್ತಿರ ನಿಂತಿದ್ದಳು. ಹತ್ತಕ್ಕೆ ಸರಿಯಾಗಿ ಮುಚ್ಚಿಸಿದಳು.

ಮವ್ಜೂದಾ ದಿನಕ್ಕೊಂದು ಗಂಟೆಯಂತೆ ಇಪ್ಪತ್ತನಾಲ್ಕು ದಿನ ದುಡಿದಳು. ಆ ಗಂಟೆ ಜೈನಬ್ ಬೀಬಿಯ ಹತ್ತಿರ ಮೇಲ್ಕೇರಿಯ ಯಾರಾದರೊಬ್ಬರು ಕೂತಿರುತ್ತಿದ್ದರು. ನೀರು ನಿಂತ ಆರು ವರ್ಷದಿಂದ ಮೇಲ್ಕೇರಿಯವರು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಜೈನಬ್ ಬೀಬಿ ವಾಲಿದ ಬಾಯಲ್ಲೇ ಹಳೇ ಸುದ್ದಿ ಕೆದಕಿ ಕೆದಕಿ ಹೇಳುತ್ತಿದ್ದರು. ಕೇಳಲು ಹೋಗುವವರ ಸಂಖ್ಯೆ ಹೆಚ್ಚಾಗಿ ಸರದಿಗೇ ಜಗಳ ಶುರುವಾಯಿತು. ಬೋಬೋ ಕಟ್ಟೆಯಿಂದ ಎದ್ದು ಕೆಳಕೇರಿಗೆ ಹೋಗಿ, ಬದುವಿನ ಮೇಲೆ ಕೂತು, ಮವ್ಜೂದಾಗೆ ನೀರಿನ ಮೈ ನೋಡಿ ಆಳ ಹೇಳುವುದನ್ನು ಕಲಿಸಿದರು. ಹುಡುಗಿ ಬೇಗ ಕಲಿತಳು. ಅವಳು ತೋಡಿದ ಕಾಲುವೆಯ ತಳ ಚಪಾತಿ ಮಣೆಯ ಹಾಗಿತ್ತು. ಸಲಿಕೆ ನಿಲ್ಲಿಸಿ ಅಳೆದ ಸನೋಬರ್ ಎರಡು ಬೆರಳು ಹೆಚ್ಚೇ ಇರುವುದನ್ನು ಕಂಡು ಸಲಿಕೆ ಹೆಗಲಿಗಿಟ್ಟು ಮೇಲೆ ಬಂದಳು. ಜುಲೈ ಸಭೆಯಲ್ಲಿ, ಕೆಳಕೇರಿಯ ತೂಬುಗಳನ್ನು ಇನ್ನು ಮೇಲೆ ಮವ್ಜೂದಾ ನೋಡಿಕೊಳ್ಳಲಿ ಅಂದಳು. ಎಲ್ಲರೂ ಕೈ ಎತ್ತಿದರು.

ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಸನೋಬರ್ ಕೆಳಕೇರಿಗೆ ಬಂದಳು. ಅವಳ ತಂಗಿ ಅಲ್ಲೊಂದು ತುಂಡು ಹೊಲದಲ್ಲಿ ಕುಂಬಳ ಹಾಕಿದ್ದಳು. ತಂಗಿಯ ಪಾಳಿ ಮುಗಿಯುತ್ತ ಬಂದಿತ್ತು, ಕೊನೆಯ ಸಾಲಿಗೆ ನೀರು ಮುಟ್ಟಿರಲಿಲ್ಲ. ತೂಬಿನ ಪಕ್ಕ ಮವ್ಜೂದಾ ಸಲಿಕೆಯೂರಿ ನಿಂತಿದ್ದಳು.

"ಹತ್ತು ನಿಮಿಷ ಬಿಡಮ್ಮ ಮವ್ಜೂದಾ," ಅಂದಳು ಸನೋಬರ್. "ಒಂದೇ ಸಾಲು ಉಳಿದಿದೆ."

"ಯಾಕೆ ತಡ ಆಯ್ತು ಖೋಲಾ? ಯಾರಿಗಾದ್ರೂ ಹುಷಾರಿಲ್ವಾ?"

"ಇಲ್ಲಮ್ಮ, ಹುಷಾರಾಗೇ ಇದಾಳೆ. ನಾನು ಬಂದೆ ಅಂತ ಮಾತಾಡ್ತಾ ಕೂತುಬಿಟ್ವಿ."

ಮವ್ಜೂದಾ ಗಡಿಯಾರ ನೋಡಿ, ಸೊಂಟ ಬಗ್ಗಿಸಿ, ಹಲಗೆ ಇಳಿಸಿ ತೂಬು ಮುಚ್ಚಿದಳು. ನೀರು ತಿರುಗಿ ಮುಂದಿನ ಮನೆಗೆ ಹೋಯಿತು.

"ಸಂಜೆ ನಂದು ಎರಡು ಬಕೆಟ್ ಬಾವಿ ನೀರು ತಂದು ಆ ಸಾಲಿಗೆ ಹೊಯ್ತೀನಿ," ಅಂದಳು, ಕೈ ಒರೆಸಿಕೊಳ್ಳುತ್ತ. "ಕಾಲುವೆದು ಮಾತ್ರ ಆಗಲ್ಲ."

ಸನೋಬರಳಿಗೆ ಮೊದಲು ಸಿಟ್ಟು ಬಂತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ, ನಗು ಶುರುವಾಯಿತು. ದಾರಿಯುದ್ದಕ್ಕೂ ನಗುತ್ತಲೇ ಮನೆಗೆ ಬಂದಳು. ಅಂಗಳದಲ್ಲಿ ಹಂಗೋಮಾ ಬೀಬಿ ಆ ವರ್ಷದ ಆಲೂಗಡ್ಡೆ ಸುಲಿಯುತ್ತ ಕೂತಿದ್ದರು. ಒಂದೊಂದೂ ಅಕ್ರೋಟಿನಷ್ಟೇ ದಪ್ಪ.

"ಏನೇ ಅಷ್ಟು ನಗು?"

"ನೀರು ಕೊಡ್ಲಿಲ್ಲ ಅತ್ತೆ, ಆ ಹುಡುಗಿ. ನಂಗೇ ಇಲ್ಲ ಅಂದುಬಿಟ್ಳು."

"ಒಳ್ಳೇದಾಯ್ತು," ಅಂದರು ಅತ್ತೆ. "ಬಾ, ಚಾಕು ತಗೋ. ಇವನ್ನ ಸುಲಿಯೋಕೆ ಇಡೀ ಊರೇ ಬೇಕು."

ಸನೋಬರ್ ಚಾಕು ತಗೊಂಡು ಅತ್ತೆಯ ಪಕ್ಕ ಕೂತಳು.